ಮೈಲ್ಸ್ ಮಾವ

ಮೈಲ್ಸ್ ಮಾವನಿಗೆ ನೇರ ವಿಮಾನವೆಂದರೆ ಅಲರ್ಜಿ. ಮೂರು ಗಂಟೆಯ ಊರಿಗೆ ಮೂರು ದೇಶ ಸುತ್ತಿ, ಕೆಂಡದಂಥ ಕಣ್ಣು ಹೊತ್ತು ಇಳಿದು, "ಬಿಸಿನೆಸ್ ಕ್ಲಾಸು, ಪುಕ್ಸಟ್ಟೆ!" ಎಂದು ಬೀಗುವ ಮಹಾಶಯ! ಹಲ್ಲುಜ್ಜುವ ಬ್ರಷ್ಷನ್ನೂ ಮೈಲ್ಸ್, ಅಂದರೆ ಪುಕ್ಕಟೆ ವಿಮಾನ ಟಿಕೆಟ್ಟಿಗಾಗುವ ಪಾಯಿಂಟು, ಕೊಡುವ ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳುತ್ತಾನೆ. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರ ಬಿಲ್ಲನ್ನೂ ಆ ಕಾರ್ಡಿನಲ್ಲೇ ಕಟ್ಟಲು ಅವನ ಕೈ ತುರಿಸುತ್ತದೆ. ಮಗಳ ಮನೆಗೆ ಬರುವುದೂ ವಿಮಾನ ಬದಲಿಸುವ ಊರು ಅದೆಂಬ ನೆಪದಲ್ಲೇ. ಬಂದವನು ಬಾಗಿಲಲ್ಲೇ ಪೆಟ್ಟಿಗೆ ನಿಲ್ಲಿಸಿ, "ಇಲ್ಲಿ ಇಪ್ಪತ್ನಾಲ್ಕು ಗಂಟೆ ಮೀರಿ ಉಳಿದ್ರೆ ಸ್ಟಾಪ್‌ಓವರ್ ಅಂತಾರೆ, ಮೈಲ್ಸ್ ಜಾಸ್ತಿ ಕೀಳ್ತಾರೆ," ಎನ್ನುತ್ತಾನೆ. "ನಮ್ಮನೆ ಏನು ಏರ್‌ಪೋರ್ಟ್ ಲೌಂಜಾ ಅಪ್ಪಾ?" ಎಂದು ಮಗಳು ರೇಗಿದರೆ, "ಲೌಂಜಲ್ಲಿ ಸೋಫಾ ಚೆನ್ನಾಗಿರತ್ತೆ ಕಣೇ!" ಒಂದು ವಿಮಾನ ತಪ್ಪಿದರೆ ಮುಂದಿನದೆಲ್ಲ ರದ್ದು ಎಂಬ ನಿಯಮ ಅವನ ಬಾಯಲ್ಲಿ ಕೇಳಿ ಕೇಳಿ ಅವಳಿಗೂ ಬಾಯಿಪಾಠ. ಈ ಸಲ ಅವಳ ಹಸುಗೂಸನ್ನು "ಐದೇ ನಿಮಿಷ" ಎಂದು ಎದೆಗಾನಿಸಿಕೊಂಡ ಮಾವ ಕುರ್ಚಿಯಿಂದ ಕದಲಲೇ ಇಲ್ಲ. ಟ್ಯಾಕ್ಸಿಯವನು ಹಾರನ್ ಹೊಡೆದೂ ಹೊಡೆದೂ ಸಾಕಾಗಿ ಹೊರಟುಹೋದ. "ಅಪ್ಪಾ, ಫ್ಲೈಟು! ಮುಂದಿಂದೆಲ್ಲ ಕ್ಯಾನ್ಸಲ್ ಆಗೋಗತ್ತೆ!" ಎಂದು ಮಗಳು ಓಡಿ ಬಂದಳು. ಮಾವ ಅವಳನ್ನು ಕಣ್ಣಲ್ಲೇ ಗದರಿಸಿ ಪಿಸುಗುಟ್ಟಿದ: "ಮೆತ್ತಗೆ ಮಾತಾಡೇ, ಈಗ ತಾನೇ ನಿದ್ದೆ ಹೋಗಿದಾಳೆ."