ಅಜ್ಜಿ ಕಾಶಿಯಲ್ಲಿ ಬಿಟ್ಟದ್ದು

"ಶಾಸ್ತ್ರಿಗಳೇ, ತಡೀರಿ! ಕೊನೇದಾಗಿ ಒಂದು ಲೋಟ ಕುಡಿದುಬಿಡ್ತೀನಿ!"

ಮೈಸೂರಿನ ಅಜ್ಜಿಯೊಬ್ಬರು ಸಂಕಲ್ಪ ಹೇಳಿಸುತ್ತಿದ್ದ ನನ್ನ ಯಜಮಾನರನ್ನು ನಡುವೆಯೇ ತಡೆದರು. ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಬಿಡಬೇಕಲ್ಲ, ಅವರು ಕಾಫಿ ಬಿಡಲೆಂದು ಕೇದಾರ ಘಾಟಿನ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ನನ್ನ ಅಗ್ಗದ ಎಸ್ಪ್ರೆಸೊ ಕಾಫಿ ಯಂತ್ರ ಬುಸುಗುಟ್ಟಿ, ಘಮ ಹಜಾರಕ್ಕೂ ಹಬ್ಬಿತ್ತು.

ಕುಡಿದವರೇ, "ಕಾಫಿ ಬಿಡೋಕಾಗಲ್ಲ. ಸಿಟ್ಟು ಬಿಟ್ಟೆ ಅಂತ ಹೇಳಿಬಿಡಿ!" ಎಂದರು.

ಪಕ್ಕದಲ್ಲಿದ್ದ ಅವರ ಸೊಸೆಯ ಕಣ್ಣು ತುಂಬಿತು. ಅವಳೂ ಕಾಫಿ ಕೇಳಿದಳು, ಜೊತೆಗೆ ಬಂದಿದ್ದ ಎಂಟು ಜನರೂ ಕೇಳಿದರು. ಆ ಯಂತ್ರದಲ್ಲಿ ಒಮ್ಮೆಗೆ ಬರುವುದು ಎರಡೇ ಲೋಟ!

ದೊಡ್ಡದು ಕೊಳ್ಳೋಣವೆಂದು ನಾನು ವರ್ಷದಿಂದ ಕೇಳುತ್ತಿದ್ದೆ. ಅಂದು ಸಂಜೆ ಯಜಮಾನರೇ, "ನಡಿಯೇ, ಕಂಟೋನ್ಮೆಂಟಿನ ಅಂಗಡಿಗೆ ಹೋಗಿ ದೊಡ್ಡ ಯಂತ್ರ ನೋಡಿ ಬರೋಣ" ಎಂದಾಗ, ಚಪ್ಪಲಿ ಹಾಕಲೂ ಮರೆತು ಮೆಟ್ಟಿಲಿಳಿದಿದ್ದೆ.