ಏಕಾದಶಿಯ ದಿನ ಬನ್ನೇರುಘಟ್ಟಕ್ಕೆ ಸೈಕಲ್

ನಮ್ಮ ಅಣ್ಣನಿಗೆ ಹೆಂಡತಿಯ ಶಕ್ತಿಯ ಬಗ್ಗೆ ಒಂದೇ ಅಭಿಪ್ರಾಯ: ಅದು ಇಲ್ಲ. ಅತ್ತಿಗೆ ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ವೈಯಾಲಿಕಾವಲ್‌ನ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗುವ ಅವಕಾಶ ಬಂತು. ಬಸವನಗುಡಿಯ ನಮ್ಮ ಮನೆಯಿಂದ ಎರಡು ಬಸ್ಸು ಬದಲಾಯಿಸಬೇಕು. ಒಪ್ಪಿಗೆ ಹೇಳಲು ಸೋಮವಾರವೇ ಕೊನೆ.

"ಮೆಟ್ಟಿಲು ಹತ್ತಿದ್ರೇ ಏದುಸಿರು ಬಿಡ್ತೀಯ. ದಿನಾ ಅಷ್ಟು ದೂರ ನಿನ್ನ ಕೈಲಾಗತ್ತೇನೇ?" ಎಂದ ಅಣ್ಣ.

ಆ ಭಾನುವಾರ ನಾನು ಸೈಕಲ್ಲಿನಲ್ಲಿ ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವವನಿದ್ದೆ. ಅಲ್ಲಿ ಕಾಡಿನಲ್ಲಿ ನಡೆದು ಬಂಡೆ ಹತ್ತುವುದು ನನ್ನ ಬ್ರಹ್ಮಚಾರಿ ಬದುಕಿನ ಹುಚ್ಚು. ಅತ್ತಿಗೆ ತಟ್ಟನೆ, "ನಾನೂ ಹೋಗ್ತೀನಿ. ಬಸ್ ಹತ್ತದೆ ಹೋಗಿ, ಬಂಡೆ ಹತ್ತಿ, ಬಸ್ ಹತ್ತದೆ ವಾಪಸ್ ಬಂದ್ರೆ ನೀವು ಚಕಾರ ಎತ್ತಬಾರದು" ಎಂದರು. ಅಣ್ಣ ನಕ್ಕು "ಆಗ್ಲಿ" ಎಂದ. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಬಾಡಿಗೆಗೆ ಲೇಡೀಸ್ ಸೈಕಲ್ ತಂದೆ. ಅತ್ತಿಗೆ ನಸುಕಿನಲ್ಲೇ ಎದ್ದು ಪುಳಿಯೋಗರೆ ಕಲಸಿ ಡಬ್ಬಿ ತುಂಬಿಸಿ, ಬರೀ ಕಾಫಿ ಕುಡಿದು, ಚೂಡಿದಾರ್ ತೊಟ್ಟು ಬಂದರು. ಜಯನಗರ ದಾಟುವವರೆಗೆ ಹ್ಯಾಂಡಲ್ ಓಲಾಡುತ್ತಿತ್ತು. ಆಮೇಲೆ ಕಾಲೇಜಿನ ದಿನಗಳ ಅಭ್ಯಾಸ ಕಾಲಿಗೆ ನೆನಪಾಗಿರಬೇಕು, ನನ್ನನ್ನೇ ಹಿಂದೆ ಹಾಕಿದರು. ಆಗಿನ್ನೂ ಆ ರಸ್ತೆಯ ಪಕ್ಕದಲ್ಲಿ ರಾಗಿ ಹೊಲಗಳಿದ್ದವು.

ಉದ್ಯಾನದ ಹತ್ತಿರ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿದೆವು. ಪಕ್ಕದಲ್ಲಿ ತುಳಸಿ ಮಾಲೆ ಕಟ್ಟುತ್ತಿದ್ದ ಅಜ್ಜಿ ನಮ್ಮ ಡಬ್ಬಿ ನೋಡಿ, "ಏಕಾದಶಿ ದಿನ ಅನ್ನಾನಾ ತಾಯಿ?" ಎಂದಳು. ಅತ್ತಿಗೆಯ ಕೈ ಅಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಪಂಚಾಂಗ ನೋಡಿ ಏಕಾದಶಿ ಸಾರುವವರು ಅಮ್ಮ. ಅವರು ಅಕ್ಕನ ಮನೆಗೆ ಹೋಗಿದ್ದರು. ಉಳಿದ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ!

"ತಿನ್ನಿ ಅತ್ತಿಗೆ, ದೇವರು ಅರ್ಥ ಮಾಡ್ಕೋತಾನೆ."

"ಮದುವೆಯಾದಾಗಿಂದ ಒಂದೂ ಬಿಟ್ಟಿಲ್ಲ ಕಣೋ. ನೀನು ತಿನ್ನು."

ನಾನು ತಿಂದೆ. ಇಬ್ಬರ ಪಾಲನ್ನೂ ತಿಂದೆ. ಅತ್ತಿಗೆ ಉಪ್ಪು ಖಾರ ಹಚ್ಚಿಸದೆ ಎರಡು ಸೌತೆಕಾಯಿ ಕೊಂಡು ತಿಂದು, ನೀರು ಕುಡಿದು ಎದ್ದರು. ಕಾಡಿನಲ್ಲಿ ದಾರಿ ತೋರಿಸಲು ಬಂದ ಫಾರೆಸ್ಟ್ ವಾಚರ್ ಮುಂದೆ, ಅತ್ತಿಗೆ ನಡುವೆ, ಹೊಟ್ಟೆ ಭಾರವಾದ ನಾನು ಕೊನೆಗೆ. ದಾರಿಯಲ್ಲಿ ಬಿದ್ದಿದ್ದ ಆನೆ ಲದ್ದಿ ಇನ್ನೂ ಹಸಿಯಾಗಿತ್ತು. "ಬೇಗ ಬನ್ನಿ ಮೇಡಂ" ಎಂದು ವಾಚರ್ ಅವಸರಪಡಿಸಿದ. ಬಂಡೆಯ ಕೊನೆಯ ಏರನ್ನು ಅತ್ತಿಗೆ ಕೈಯೂರಿ, ಚಪ್ಪಲಿ ಕಳಚಿ ಹತ್ತಿದರು. ಮೇಲೆ ನಿಂತಾಗ ಸುತ್ತ ಕಾಡು, ಬಡಗಣ ದಿಕ್ಕಿನಲ್ಲಿ ಮಂಜು ಮಂಜಾಗಿ ನಮ್ಮ ಊರು. ಅತ್ತಿಗೆ ಕ್ಲಾಸಿನ ದನಿಯಲ್ಲಿ "ಹೋ" ಎಂದು ಕೂಗಿದರು. ನಾನೂ ಹೆಮ್ಮೆಯಿಂದ ದನಿಗೂಡಿಸಿದೆ.

ವಾಪಸು ಬರುವಾಗ ಗೊಟ್ಟಿಗೆರೆ ಹತ್ತಿರದ ಏರಿನಲ್ಲಿ ಅವರ ಕಾಲು ನಡುಗತೊಡಗಿತು. ಸೈಕಲ್ ಇಳಿದು ನಿಂತರು. ಹಿಂದಿನಿಂದ ಬಂದ ಖಾಸಗಿ ಬಸ್ಸೊಂದು ನಿಂತಿತು.

"ಸೈಕಲ್ ಮೇಲೆ ಹಾಕ್ಕೊಳ್ಳೋಣ, ಬನ್ನಿ ಮೇಡಂ, ಸೀಟ್ ಖಾಲಿ ಇದೆ" ಎಂದ ಕಂಡಕ್ಟರ್.

"ಹತ್ತಿಬಿಡಿ ಅತ್ತಿಗೆ, ಅಣ್ಣನಿಗೆ ನಾನು ಹೇಳಲ್ಲ" ಎಂದೆ. ಅತ್ತಿಗೆ ನನ್ನತ್ತ ನೋಡಲೂ ಇಲ್ಲ. ಕಂಡಕ್ಟರಿಗೆ, "ರೈಟ್ ಹೇಳ್ರೀ" ಎಂದರು. ಬಸ್ಸು ಹೋಯಿತು. ಹೊಗೆ ಕರಗುವ ಮೊದಲೇ ಅತ್ತಿಗೆ ಮತ್ತೆ ಪೆಡಲ್ ತುಳಿಯುತ್ತಿದ್ದರು.

ಸಂಜೆ ಅಣ್ಣ ಗೇಟಿನಲ್ಲೇ ನಿಂತಿದ್ದ. "ಬಸ್ಸಲ್ಲಿ ಬಂದ್ರಾ?"

"ಬಸ್ಸು ಬಂತು, ಇವರು ಹತ್ತಲಿಲ್ಲ. ಅದೂ ಏಕಾದಶಿ ಉಪವಾಸದಲ್ಲಿ!" ಎಂದು ಬೀದಿಗೆಲ್ಲ ಕೇಳುವಂತೆ ನಾನೇ ಸಾರಿದೆ. ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ಹೊಡೆದು ಬಂದಿದ್ದ ಅಣ್ಣನ ಮುಖ ನೋಡಬೇಕಿತ್ತು. ಅತ್ತಿಗೆಯ ಸೈಕಲ್ಲನ್ನು ತಾನೇ ತಳ್ಳಿಕೊಂಡು ಒಳಗೆ ಹೋದ.

ಮರುದಿನ ದ್ವಾದಶಿ, ಉಪವಾಸ ಮಾಡಿದವರು ಬೆಳಿಗ್ಗೆಯೇ ಊಟ ಮಾಡಬೇಕು. ಕುಕ್ಕರಿನ ಸೀಟಿಗೆ ಎಚ್ಚರವಾಗಿ ಹೋಗಿ ನೋಡಿದರೆ ಒಲೆಯ ಮುಂದೆ ಅಣ್ಣ! ಅನ್ನ ಮುದ್ದೆಯಾಗಿತ್ತು, ತೊವ್ವೆಗೆ ಉಪ್ಪು ಬಿದ್ದಿರಲಿಲ್ಲ. ಅತ್ತಿಗೆ ಅದನ್ನೇ ಕಲಸಿಕೊಂಡು ಉಣ್ಣುತ್ತಿದ್ದರು.

ಅಣ್ಣ ತುಪ್ಪ ಬಡಿಸುತ್ತಾ, "ಬೇಗ ಬೇಗ ಊಟ ಮಾಡು. ಒಪ್ಪಿಗೆ ಹೇಳೋಕೆ ಹೊರಟ ಹೆಡ್‌ಮಿಸ್ಸೇ ಲೇಟಾದ್ರೆ ಮಕ್ಕಳಿಗೇನು ಹೇಳ್ತೀಯ?" ಎಂದ.