ಹಳೇ ಸೈಡಿಂಗಿನ ನಡುಗೆರೆ

ಹೊಸಪೇಟೆಯಲ್ಲಿ ರೈಲು ಹಳಿಯ ಬಗ್ಗೆ ಯಾರಿಗೆ ಏನು ಅನುಮಾನ ಬಂದರೂ ನನ್ನನ್ನು ಕೇಳಬೇಕು. ಇದು ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಮೂವತ್ತೈದು ವರ್ಷ ಕೀಮ್ಯಾನ್ ಆಗಿ ದುಡಿದವನು ನಾನು. ಹೆಗಲ ಮೇಲೆ ಸುತ್ತಿಗೆ, ಬಗಲಲ್ಲಿ ಬಾವುಟ, ಚೀಲದಲ್ಲಿ ಊಟದ ಡಬ್ಬಿ. ದಿನಾ ಹಳಿಗುಂಟ ನಡೆಯುತ್ತ ಸಡಿಲಾದ ಕೀಲಿಗಳನ್ನು ಬಡಿದು ಬಿಗಿ ಮಾಡುವುದೇ ಕೆಲಸ. ಹೋಗುವಾಗ ಒಂದು ಬದಿಯ ಹಳಿ, ಬರುವಾಗ ಇನ್ನೊಂದು ಬದಿಯದು. ಸಂಡೂರಿನ ಗುಡ್ಡದಿಂದ ಅದಿರು ಹೊತ್ತು ಬರುವ ಗೂಡ್ಸ್ ಗಾಡಿ ತುಂಬಿದೆಯೋ ಖಾಲಿಯೋ ಎಂದು ಈಗಲೂ ಮನೆಯಲ್ಲಿ ಕೂತು ಸದ್ದಿನ ಮೇಲೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನನ್ನನ್ನು ಹಾಕಿದ್ದು ಊರೊಳಗಿನ ಸೈಡಿಂಗಿಗೆ. ಆಗ ಮೀಟರ್‌ಗೇಜ್ ಕಾಲ. ಸ್ಟೇಷನ್ನಿನಿಂದ ಒಂದು ಒಂಟಿ ಲೈನು ಕವಲೊಡೆದು, ಎರಡು ದೊಡ್ಡ ಗೋದಾಮುಗಳ ನಡುವೆ ಹಾದು, ಒಂದು ಬಾವಿಯ ಹತ್ತಿರ ಮುಗಿಯುತ್ತಿತ್ತು. ಸ್ಟೇಷನ್ನಿನಿಂದ ಹೊರಟರೆ ಬಲಕ್ಕೆ ಹತ್ತಿ ಗೋದಾಮು, ಎಡಕ್ಕೆ ಸಕ್ಕರೆ ಗೋದಾಮು. ಸಣ್ಣ ಎಂಜಿನ್ನು ಎಂಟೋ ಹತ್ತೋ ವ್ಯಾಗನ್ ದೂಡಿಕೊಂಡು ಬಂದರೆ ಹಮಾಲರು ಮುತ್ತುತ್ತಿದ್ದರು. ಕಂಪ್ಲಿ ಕಡೆಯ ಅಕ್ಕಿ ಚೀಲದ ಚಕ್ಕಡಿಗಳೂ ಅಲ್ಲಿಗೇ ಬರುತ್ತಿದ್ದವು. ಚಕ್ಕಡಿ ತಿರುಗಲಿ ಎಂದು ಒಂದು ಬದಿಗೆ ಅಗಲ ಜಾಗ ಬಿಟ್ಟು, ಹಳಿಯನ್ನು ಇನ್ನೊಂದು ಬದಿಯ ಗೋಡೆಗೆ ಒತ್ತಿ ಹಾಕಿದ್ದರು.

ಆಮೇಲೆ ನನಗೆ ಯಶವಂತನಗರದ ಕಡೆಯ ಅದಿರು ಲೈನಿಗೆ ವರ್ಗವಾಯಿತು. ಊರಿನ ಸರಕನ್ನೆಲ್ಲ ಲಾರಿಗಳು ಹೊತ್ತುಕೊಂಡವು. ಬ್ರಾಡ್‌ಗೇಜ್ ಬಂದಾಗ ಈ ಸೈಡಿಂಗಿಗೆ ಯಾರೂ ಹೊಸ ಹಳಿ ಹಾಕಲಿಲ್ಲ. ಇದ್ದದ್ದನ್ನು ಕಿತ್ತರು, ಗೋದಾಮು ಕೆಡವಿದರು, ಮೊರಂ ಮಣ್ಣು ಸುರಿದು ಓಣಿ ಮಾಡಿದರು. ನಿವೃತ್ತಿಯ ಹೊತ್ತಿಗೆ ಅದೇ ಓಣಿಯ ಎಡಗಡೆ, ಸಕ್ಕರೆ ಗೋದಾಮಿದ್ದ ಕಡೆ, ನಾನೊಂದು ಸೈಟು ಕೊಂಡು ಮನೆ ಕಟ್ಟಿದೆ. ಎದುರಿಗೆ ಬಲಗಡೆ ಹಿಟ್ಟಿನ ಗಿರಣಿ ಬಂತು. ಅದನ್ನು ನಡೆಸುವ ಹೆಣ್ಣುಮಗಳು ನನ್ನನ್ನು ಅಣ್ಣಾರ ಎನ್ನುತ್ತಾಳೆ. ಗಿರಣಿ ಬಿಟ್ಟರೆ ಆ ಮನೆಗೆ ಬೇರೆ ಆದಾಯವಿಲ್ಲ.

ಹೋದ ವರ್ಷ ರೈಲ್ವೆಯವರು ಹಳೇ ಸೈಡಿಂಗಿನ ಜಾಗ ವಾಪಸು ತೆಗೆದುಕೊಳ್ಳಲು ಅಳತೆಗೆ ಬಂದರು. ಬಂದ ಎಂಜಿನಿಯರ್ ಹೆಣ್ಣುಮಗಳು, ಭಾಳ ಚುರುಕು. ಹಳಿಯ ನಡುವಿನಿಂದ ಎರಡೂ ಕಡೆ ಇಷ್ಟಿಷ್ಟು ಅಡಿ ರೈಲ್ವೆಯದು ಎಂದು ನಕ್ಷೆಯಲ್ಲಿತ್ತು. ಆದರೆ ಹಳಿ ಯಾವ ಗೋಡೆಗೆ ಒತ್ತಿ ಹೋಗಿತ್ತು ಎನ್ನುವ ಜಾಗದಲ್ಲೇ ಆ ಹಾಳು ನಕ್ಷೆ ಹರಿದಿತ್ತು. ಬಲಕ್ಕಿದ್ದರೆ ಗಿರಣಿಯ ಮುಂಭಾಗ ಹೋಗುತ್ತದೆ, ಎಡಕ್ಕಿದ್ದರೆ ನನ್ನ ಮನೆಯ ಮುಂದಿನ ಕೋಣೆ. ನೆನಪಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಡೀ ಓಣಿ ನನ್ನ ಕಡೆ ನೋಡಿತು.

ನಾನು ಬಲಗೈ ತೋಳು ಮಡಚಿ ಮೊಣಕೈ ಮೇಲಿನ ಗಾಯದ ಗುರುತು ತೋರಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಹಳಿ ಗೋಡೆಗೆ ಎಷ್ಟು ಹತ್ತಿರವಿತ್ತೆಂದರೆ, ಸುತ್ತಿಗೆ ಬೀಸುವಾಗ ಮೊಣಕೈ ಗೋಡೆಗೆ ತರಚಿ ಬಿದ್ದ ಗುರುತು ಇದು. ಬಲಗೈ ಎಂದರೆ ಬಲಗಡೆಯ ಗೋಡೆ, ಹತ್ತಿ ಗೋದಾಮಿನದು, ಅಂದರೆ ಈಗಿನ ಗಿರಣಿಯ ಕಡೆ. ಎಂಜಿನಿಯರಮ್ಮ ಯಾವುದಕ್ಕೂ ಒಂದು ಗುಂಡಿ ತೋಡಿ ನೋಡೋಣ ಎಂದರು.

"ನಾನಿದ್ದಮ್ಯಾಲೆ ಗುಂಡಿ ಯಾಕ್ರಿ ಮೇಡಂ?" ಎಂದೆ.

ಗಿರಣಿಯ ಗೋಡೆಗೆ ಕೆಂಪು ಗೆರೆ ಬಿತ್ತು. ಮಶೀನು ಕೂತ ಜಾಗವೇ ಆ ಗೆರೆಯೊಳಗೆ ಹೋಯಿತು. ಸಂಜೆ ಗಿರಣಿಯವಳು ನಮ್ಮ ಬಾಗಿಲಿಗೆ ಬಂದು, ಇನ್ನೊಮ್ಮೆ ನೆನಪು ಮಾಡಿಕೊಳ್ಳಿ ಅಣ್ಣಾರ ಎಂದು ಬೇಡಿಕೊಂಡಳು. ನಾನು ಎಂಥ ಸತ್ಯವಂತನೆಂದರೆ, ನಿನಗಾಗಿ ಸುಳ್ಳು ಹೇಳಲೇನವ್ವ ಎಂದು ಆಕೆಯನ್ನೇ ತಿರುಗಿ ಕೇಳಿದೆ. ಆಕೆ ತಿರುಗಿ ಹೋದಳು. ಮಾರನೇ ದಿನದಿಂದ ನನ್ನ ಹೆಂಡತಿಗೆ ಆ ಗಿರಣಿಯ ಮೆಟ್ಟಿಲು ಹತ್ತಲು ಮುಖವಿಲ್ಲ. ಜೋಳದ ಚೀಲ ಹೊತ್ತು ದೂರದ ಗಿರಣಿಗೆ ಹೋಗಿ ಬಂದಳು.

ವಾರದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ದೂರದ ಗಿರಣಿಯ ಹಿಟ್ಟು ದಪ್ಪ, ರೊಟ್ಟಿ ಬಡಿದರೆ ಬಿರಿಯುತ್ತಿತ್ತು. ಆ ಸಿಟ್ಟನ್ನೆಲ್ಲ ಹೆಂಡತಿ ನನ್ನ ಮೊಣಕೈ ಮೇಲೆ ತೀರಿಸಿಕೊಂಡಳು. ಮದುವೆಯಾದ ಹೊಸತರಲ್ಲಿ ಆ ಗಾಯಕ್ಕೆ ಅರಿಶಿನ ಒತ್ತಿದವಳು ಅವಳೇ.

"ಅವತ್ತ ರಕ್ತ ಹನಿಸಿಕೊಂತ ಬಾಗಲಕ್ಕ ಬಂದಿದ್ರಿ. ಆದ್ರ ಡಬ್ಬಿ ಮಾತ್ರ ಫಳಫಳ ತೊಳಕೊಂಡು ಬಂದಿದ್ರಿ. ನಿಮಗ ಮೈಗಿಂತ ಡಬ್ಬಿ ಹೆಚ್ಚು."

ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. ನಾನು ಡಬ್ಬಿ ಬಿಚ್ಚುತ್ತಿದ್ದದ್ದು ಸೈಡಿಂಗಿನ ಕೊನೆಯ ಬಾವಿಯ ಹತ್ತಿರ, ತೊಳೆಯುತ್ತಿದ್ದದ್ದೂ ಅದೇ ನೀರಲ್ಲಿ. ಡಬ್ಬಿ ತೊಳೆದಾಗಿದೆ, ರಕ್ತ ಇನ್ನೂ ಹನಿಯುತ್ತಿದೆ ಎಂದರೆ ಗಾಯವಾದದ್ದು ಊಟದ ನಂತರ, ತಿರುಗಿ ಬರುವಾಗ. ತಿರುಗಿ ಬರುವವನ ಬಲಗೈಗೆ ಇರುವುದು ಹತ್ತಿ ಗೋದಾಮಲ್ಲ, ಸಕ್ಕರೆ ಗೋದಾಮು. ಅಂದರೆ ಈ ಕಡೆ. ನಾನು ಕೂತು ಉಣ್ಣುತ್ತಿದ್ದ ಈ ಮನೆಯ ಕಡೆ.

ಮರುದಿನ ಬೆಳಕು ಹರಿಯುತ್ತಲೇ ಹಾರೆ ತೆಗೆದುಕೊಂಡು ನನ್ನ ಜಗುಲಿಯ ಪಕ್ಕ ಅಗೆದೆ. ಮೊಣಕಾಲುದ್ದ ಇಳಿಯುವುದರಲ್ಲಿ ಹಾರೆ ಖಣ್ ಎಂದಿತು. ಜಲ್ಲಿ. ಎಂಜಿನ್ನಿನ ಎಣ್ಣೆ ಕುಡಿದು ಕಪ್ಪಾದ, ಹಳಿಯ ಕೆಳಗೆ ಹಾಸುವ ಜಲ್ಲಿ. ಗಿರಣಿಯ ಮೆಟ್ಟಿಲ ಬಳಿಯೂ ಅಷ್ಟೇ ಆಳ ಅಗೆದು ನೋಡಿದೆ. ಬರೀ ಮೊರಂ, ಅದರಡಿ ಎರೆಮಣ್ಣು.

ಜಗುಲಿಯ ಮೇಲೆ ಕೂತೆ. ಸುಳ್ಳು ಯಾಕೆ ಹೇಳಲಿ, ಎರಡೂ ಗುಂಡಿ ಮುಚ್ಚಿ ಸುಮ್ಮನಿದ್ದುಬಿಡೋಣ ಎನಿಸಿತು. ಮುಂದಿನ ಕೋಣೆಯನ್ನು ನಿಂತು ಕಟ್ಟಿಸಿದವನು ನಾನು. ಅದಕ್ಕಿಂತ ಹೆಚ್ಚಾಗಿ, ಕೀಮ್ಯಾನ್ ತಪ್ಪಿದ ಎಂದು ಇಡೀ ಓಣಿಯ ಮುಂದೆ ನಾನೇ ಹೇಳಬೇಕಲ್ಲ, ಅದು ಚುಚ್ಚುತ್ತಿತ್ತು. ಹೆಂಡತಿ ಬಂದು ಗುಂಡಿಯೊಳಗೆ ಬಗ್ಗಿ ನೋಡಿದಳು. ಡಬ್ಬಿಯ ಲೆಕ್ಕವನ್ನು ಅವಳಿಗೆ ಬಿಡಿಸಿ ಹೇಳಿದೆ. ತನ್ನ ಬಾಯಿಂದಲೇ ತನ್ನ ಮನೆ ಒಡೆಯಿತು ಎಂದು ಅವಳಿಗೆ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಫೋನ್ ಹಚ್ರಿ ಮೇಡಂಗ. ಆಕಿ ಹೊಟ್ಟಿ ಮ್ಯಾಲ ಹೊಡದು ನಾವು ಈ ಖೋಲ್ಯಾಗ ಹೆಂಗ ಮಲಗಾದು?"

ಹಚ್ಚಿದೆ. ಹತ್ತು ಗಂಟೆಗೆಲ್ಲ ಎಂಜಿನಿಯರಮ್ಮ ಬಂದರು, ಎರಡೂ ಗುಂಡಿ ನೋಡಿದರು, ಜಲ್ಲಿಯ ಅಗಲ ಹಿಡಿದು ನಡುಗೆರೆ ಎಳೆದರು. ಅಳತೆಯ ಟೇಪಿನ ಒಂದು ತುದಿಯನ್ನು ನಾನೇ ಹಿಡಿದುಕೊಂಡೆ. ನನ್ನ ಮುಂದಿನ ಕೋಣೆ ಪೂರ್ತಿ ಹೋಯಿತು, ಅಡುಗೆಮನೆಯ ಗೋಡೆ ಉಳಿಯಿತು. ಗಿರಣಿಯ ಮೇಲಿನ ಗೆರೆಗೆ ಅವರ ಆಳು ಸುಣ್ಣ ಬಳಿದ.

ಗಿರಣಿಯವಳು ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಸುಣ್ಣ ನೋಡಿದಳು, ನನ್ನ ಗೋಡೆಯ ಕೆಂಪು ಗೆರೆ ನೋಡಿದಳು, ಗುಂಡಿಯ ಹತ್ತಿರ ಬಂದು ನಿಂತಳು. ದೊಡ್ಡ ಮನುಷ್ಯರು ನೀವು ಎಂದೋ, ಎಂಥ ಧರ್ಮಾತ್ಮರು ಎಂದೋ ಅನ್ನುತ್ತಾಳೆ ಎಂದು ಒಳಗೊಳಗೇ ಕಾದೆ. ಬುದ್ಧಿ ಅಷ್ಟು ಬೇಗ ಬರುತ್ತದೆಯೇ?

"ಈ ಗುಂಡಿ ಅವತ್ತ ತೋಡಿಸಿದ್ರ, ಅಣ್ಣಾರ, ಈ ಎಂಟು ದಿನ ಚಿಂತಿ ಇಲ್ದ ನನ್ನ ಮನ್ಯಾಗ ಮಂದಿ ಹೊಟ್ಟಿ ತುಂಬ ಉಣ್ತಿದ್ರು" ಎಂದಳು.

ಟೇಪಿನ ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಎಂಜಿನಿಯರಮ್ಮನಿಗೆ ಕೊಟ್ಟು, ಗಿರಣಿಯ ಮೆಟ್ಟಿಲ ಬಳಿ ತೋಡಿದ್ದ ಗುಂಡಿ ಮುಚ್ಚಲು ಹೋದೆ.